ಫಾದರ್ ಕ್ರೆಸ್ಪಿಯವರ ವಿಚಿತ್ರ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕ್ವೆಂಕಾ ಎಂಬ ಬೆಟ್ಟದ ಮೇಲಿನ ಊರಿನಲ್ಲಿ ಇಟಲಿಯ ಪಾದ್ರಿಯೊಬ್ಬರು ದಶಕಗಳ ಕಾಲ ಕೂಡಿಟ್ಟ ಪ್ರಾಚೀನ ವಸ್ತುಗಳ ಬಗ್ಗೆ ಕನ್ನಡದಲ್ಲಿಯೂ ಈಚೆಗೆ ವಿಡಿಯೊಗಳು, ಲೇಖನಗಳು ಹರಿದಾಡುತ್ತಿವೆ. ಆನೆಗಳಿರುವ ಚಿನ್ನದ ಫಲಕ, ಓದಲಾಗದ ಲಿಪಿ, ನೆಲದಡಿಯ ಲೋಹದ ಗ್ರಂಥಾಲಯ, ವ್ಯಾಟಿಕನ್ ಮುಚ್ಚಿಟ್ಟ ರಹಸ್ಯ ಎಂದೆಲ್ಲ ಅವುಗಳಲ್ಲಿ ಹೇಳಲಾಗುತ್ತದೆ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನೂ ಅವುಗಳಿಗೆ ಕೊಡಬಹುದಾದ ಉತ್ತರಗಳನ್ನೂ ಇಲ್ಲಿ ಒಂದೆಡೆ ಇರಿಸಲಾಗಿದೆ.

ಫಾದರ್ ಕ್ರೆಸ್ಪಿ ಎಂದರೆ ಯಾರು?

ಕಾರ್ಲೊ ಕ್ರೆಸ್ಪಿ ಕ್ರೋಚಿ ಅವರು 1891ರ ಮೇ 29ರಂದು ಇಟಲಿಯ ಮಿಲಾನ್ ನಗರದ ಸಮೀಪದ ಲೆನ್ಯಾನೊ ಎಂಬಲ್ಲಿ ಹುಟ್ಟಿದರು. ಡಾನ್ ಬಾಸ್ಕೊ ಸ್ಥಾಪಿಸಿದ ಸಲೇಷಿಯನ್ ಸಭೆಗೆ ಸೇರಿ 1917ರಲ್ಲಿ ಗುರುದೀಕ್ಷೆ ಪಡೆದರು. ಬಳಿಕ ಪಾದುವಾ ವಿಶ್ವವಿದ್ಯಾಲಯದಲ್ಲಿ ನಿಸರ್ಗ ವಿಜ್ಞಾನವನ್ನು, ಅದರಲ್ಲಿಯೂ ಸಸ್ಯಶಾಸ್ತ್ರವನ್ನು, ಅಭ್ಯಾಸ ಮಾಡಿದರು. ಸಂಗೀತವನ್ನೂ ಕ್ರಮವಾಗಿ ಕಲಿತರು. 1923ರಲ್ಲಿ ಈಕ್ವೆಡಾರ್‌ಗೆ ಹೋದ ಅವರು ಅಲ್ಲಿಯವರೇ ಆಗಿ, 1982ರ ಏಪ್ರಿಲ್ 30ರಂದು, ತೊಂಬತ್ತೊಂದು ತುಂಬಲು ಒಂದು ತಿಂಗಳು ಬಾಕಿಯಿರುವಾಗ, ಕ್ವೆಂಕಾದಲ್ಲಿ ತೀರಿಕೊಂಡರು.

ಸಸ್ಯಶಾಸ್ತ್ರದ ವಿಷಯವನ್ನು ಬೇಕೆಂದೇ ಮೊದಲು ಹೇಳಿದ್ದೇನೆ. ಏನೂ ತಿಳಿಯದ ಮುಗ್ಧ ಪಾದ್ರಿಯೊಬ್ಬರು ಕಂಡದ್ದನ್ನೆಲ್ಲ ಕೊಂಡರು ಎಂಬ ಚಿತ್ರ ಸರಿಯಲ್ಲ. ಒಣಗಿಸಿದ ಗಿಡವೊಂದನ್ನು ಹಾಳೆಗೆ ಅಂಟಿಸುವಾಗ ಅದರ ಬಲಮೂಲೆಯ ಚೀಟಿಯಲ್ಲಿ, ಗಿಡ ಸಿಕ್ಕಿದ ಜಾಗ, ದಿನಾಂಕ, ತಂದವರ ಹೆಸರು ಇವಿಷ್ಟನ್ನು ಬರೆಯದಿದ್ದರೆ ಆ ಗಿಡ ವಿಜ್ಞಾನಕ್ಕೆ ಒಣಹುಲ್ಲಿಗೆ ಸಮ ಎಂಬುದನ್ನು ಆ ವಿಷಯದ ವಿದ್ಯಾರ್ಥಿಗೆ ಮೊದಲ ವರ್ಷವೇ ಕಲಿಸುತ್ತಾರೆ. ಕ್ರೆಸ್ಪಿ ಅದನ್ನು ಕಲಿತವರು. ಅವರ ಸಂಗ್ರಹದ ಬಗೆಗಿನ ಮುಕ್ಕಾಲು ಪಾಲು ಗೊಂದಲ ಹುಟ್ಟಿದ್ದು ಆ ಪುಟ್ಟ ಚೀಟಿ ಇಲ್ಲದಿರುವುದರಿಂದಲೇ.

ಅವರು ಅಷ್ಟು ದೂರ ಹೋದದ್ದು ನಿಧಿ ಹುಡುಕಲೆಂದೇ?

ಅಲ್ಲ. ಪೋಪ್ ಹನ್ನೊಂದನೆಯ ಪಯಸ್ ಅವರ ಆಶಯದಂತೆ 1925ರಲ್ಲಿ ವ್ಯಾಟಿಕನ್ನಿನಲ್ಲಿ ಜಗತ್ತಿನ ಎಲ್ಲ ಕ್ಯಾಥೊಲಿಕ್ ಮಿಷನ್‌ಗಳ ದೊಡ್ಡ ಪ್ರದರ್ಶನವೊಂದು ನಡೆಯುವುದಿತ್ತು. ಅದಕ್ಕಾಗಿ ಅಮೆಜಾನ್ ಅಂಚಿನ ಕಾಡುಗಳಿಂದ ಸಸ್ಯ, ಪ್ರಾಣಿ ಮಾದರಿಗಳನ್ನೂ ಅಲ್ಲಿನ ಶುವಾರ್ ಜನರ ಬಳಕೆಯ ವಸ್ತುಗಳನ್ನೂ ಕಲೆಹಾಕುವ ಕೆಲಸ ಅವರಿಗೆ ಒಪ್ಪಿಸಲಾಗಿತ್ತು. ಅದೇ ದಶಕದಲ್ಲಿ ಅವರು ಶುವಾರ್ ಜನರ ಬದುಕಿನ ಕುರಿತು ಒಂದು ಸಾಕ್ಷ್ಯಚಿತ್ರವನ್ನೂ ಮಾಡಿದರು. ಈಕ್ವೆಡಾರ್‌ನ ಸಿನಿಮಾ ಚರಿತ್ರೆ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಮೇಲೆ ಕ್ವೆಂಕಾದಲ್ಲಿ ನೆಲೆಸಿ ಶಾಲೆಗಳನ್ನು ಕಟ್ಟುವುದು, ಬಡ ಮಕ್ಕಳಿಗೆ ಊಟ ಹಾಕುವುದು, ತಪ್ಪೊಪ್ಪಿಗೆ ಕೇಳುವುದು, ಭಾನುವಾರ ಮಕ್ಕಳಿಗೆ ಸಿನಿಮಾ ತೋರಿಸುವುದು ಅವರ ದಿನಚರಿಯಾಯಿತು. ಸಿನಿಮಾ ನಡೆಯುವಾಗ ಗಲಾಟೆ ಮಾಡಿದ ಹುಡುಗರ ತಲೆಗೆ ಕೈಯಲ್ಲಿದ್ದ ಪುಟ್ಟ ಗಂಟೆಯಿಂದ ಒಂದು ಏಟು ಕೊಡುತ್ತಿದ್ದರೆಂಬುದನ್ನು ಆ ಊರಿನ ಹಿರಿಯರು ಪ್ರೀತಿಯಿಂದಲೇ ನೆನೆಯುತ್ತಾರೆ. ವಸ್ತುಸಂಗ್ರಹ ಇದೆಲ್ಲದರ ಮಗ್ಗುಲಲ್ಲಿ ಬೆಳೆದದ್ದು.

ಸಂಗ್ರಹದಲ್ಲಿ ಇದ್ದದ್ದಾದರೂ ಏನು?

ಸಾವಿರಾರು ವಸ್ತುಗಳಿದ್ದವು. ಅವನ್ನು ಒಂದೇ ರಾಶಿಯೆಂದು ನೋಡುವುದರಿಂದಲೇ ವಾದ ಹಾದಿ ತಪ್ಪುತ್ತದೆ. ಒಂದು ಭಾಗ ನಿಜವಾಗಿಯೂ ಪ್ರಾಚೀನವಾದುದು: ಸುಟ್ಟ ಮಣ್ಣಿನ ಮಡಕೆಗಳು, ಕಲ್ಲಿನ ಕೊಡಲಿಗಳು, ತಾಮ್ರದ ಆಯುಧಗಳು, ಚಿಪ್ಪಿನ ಆಭರಣಗಳು. ಇವು ಈಕ್ವೆಡಾರ್‌ನ ಬೆಟ್ಟಸೀಮೆಯ ಮತ್ತು ಕರಾವಳಿಯ ಹಳೆಯ ಸಂಸ್ಕೃತಿಗಳವು. ಇನ್ನೊಂದು ಭಾಗ ವಸಾಹತು ಕಾಲದ ಮತ್ತು ಅನಂತರದ ವರ್ಣಚಿತ್ರಗಳದು. ಮೂರನೆಯದು ಎಲ್ಲರೂ ಮಾತನಾಡುವ ಭಾಗ: ಹಳದಿ ಲೋಹದ ಉದ್ದುದ್ದ ತಗಡುಗಳು, ಅವುಗಳ ಮೇಲೆ ಉಬ್ಬಿಸಿದ ರಾಜರು, ರೆಕ್ಕೆಯ ಮನುಷ್ಯರು, ಪಿರಮಿಡ್‌ಗಳು, ಸೂರ್ಯ, ವಿಚಿತ್ರ ಮೃಗಗಳು, ಅಕ್ಷರದಂಥ ಗೀಟುಗಳು. ಫೋಟೊಗಳಲ್ಲಿ ಕಾಣುವುದು ಬಹುಪಾಲು ಇವೇ. ಮೊದಲ ಭಾಗದ ಮಡಕೆಗಳ ಫೋಟೊ ತೆಗೆಯಲು ಯಾರೂ ಅಷ್ಟು ದೂರ ಹೋಗಲಿಲ್ಲ.

ಇವು ಅವರ ಕೈಗೆ ಬಂದದ್ದು ಹೇಗೆ?

ಅವರು ಉತ್ಖನನ ಮಾಡಿ ತೆಗೆದದ್ದಲ್ಲ, ಜನರು ತಂದುಕೊಟ್ಟರು. ಉಳುವಾಗ ನೇಗಿಲಿಗೆ ಸಿಕ್ಕಿದ ಮಡಕೆಯನ್ನು ರೈತನೊಬ್ಬ ತರುತ್ತಿದ್ದ, ಕಾಡಿನ ಕಡೆಯಿಂದ ಬಂದವರು ಇನ್ನೇನನ್ನೋ ತರುತ್ತಿದ್ದರು, ಪಾದ್ರಿ ಒಂದಷ್ಟು ಹಣ ಕೊಡುತ್ತಿದ್ದರು. ಫಾದರ್ ಹಳೆಯ ವಸ್ತುಗಳಿಗೆ ದುಡ್ಡು ಕೊಡುತ್ತಾರೆಂಬ ಸುದ್ದಿ ಒಂದು ಬಡ ಪ್ರದೇಶದಲ್ಲಿ ಹಬ್ಬಿದರೆ ಮುಂದೇನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಹಳೆಯ ವಸ್ತುಗಳು ಮುಗಿದುಹೋಗುತ್ತವೆ, ತರುವವರು ಮುಗಿಯುವುದಿಲ್ಲ. ಕ್ವೆಂಕಾದ ಸುತ್ತಮುತ್ತ ಲೋಹದ ಕೆಲಸ ಬಲ್ಲವರಿಗೆ ಬರವಿಲ್ಲ. ಪಕ್ಕದ ಚೋರ್ದೆಲೆಗ್ ಇಂದಿಗೂ ಅಕ್ಕಸಾಲಿಗರ ಊರು, ಅಲ್ಲಿನ ಬೆಳ್ಳಿತಂತಿಯ ಜಾಲರಿ ಕೆಲಸ ಹೆಸರಾದದ್ದು. ಪಾದ್ರಿಗೆ ಏನು ಇಷ್ಟವೆಂಬುದು ಗೊತ್ತಾದ ಮೇಲೆ ಅಂಥದ್ದನ್ನೇ ತಟ್ಟಿ ತರುವುದಕ್ಕೆ ಒಂದು ತಗಡು, ಒಂದು ಮೊಳೆ, ಒಂದು ಸುತ್ತಿಗೆ ಸಾಕಿತ್ತು.

ತಾವು ಕೊಳ್ಳುತ್ತಿರುವುದು ನಕಲಿ ಎಂದು ಅವರಿಗೆ ಗೊತ್ತಿರಲಿಲ್ಲವೆ?

ಇದಕ್ಕೆ ಎರಡು ಉತ್ತರಗಳಿವೆ, ಎರಡರಲ್ಲಿಯೂ ಸತ್ಯಾಂಶವಿದೆ ಎಂಬುದು ನನ್ನ ಅಭಿಪ್ರಾಯ. ಅವರನ್ನು ಬಲ್ಲವರು ಹೇಳುವ ಪ್ರಕಾರ ಎಷ್ಟೋ ವಸ್ತುಗಳು ಹೊಸವೆಂದು ಗೊತ್ತಿದ್ದೂ ಅವರು ಕೊಳ್ಳುತ್ತಿದ್ದರು. ಸುಮ್ಮನೆ ಭಿಕ್ಷೆ ಕೊಟ್ಟರೆ ತೆಗೆದುಕೊಳ್ಳುವವನ ಮಾನ ಹೋಗುತ್ತದೆ, ವಸ್ತು ಕೊಂಡಂತೆ ಮಾಡಿದರೆ ಹೋಗುವುದಿಲ್ಲ. ನಮ್ಮಲ್ಲಿಯೂ ಬೇಡದ ಪೊರಕೆಯನ್ನು ಮಾರುವ ಅಜ್ಜಿಯ ಮುಖ ನೋಡಿ ಕೊಂಡುಕೊಳ್ಳುವವರಿದ್ದಾರೆ. ಆದರೆ ಅದೇ ಪಾದ್ರಿ, ಬಂದ ಸಂದರ್ಶಕರ ಮುಂದೆ, ಈ ಫಲಕಗಳು ಪಶ್ಚಿಮ ಏಷ್ಯಾದ ಪ್ರಾಚೀನ ನಾಡುಗಳಾದ ಬ್ಯಾಬಿಲೋನಿಯಾ ಮತ್ತು ಫಿನೀಷಿಯಾದ ಜನರು ಅಮೆಜಾನ್ ನದಿಯ ದಾರಿಯಲ್ಲಿ ಇಲ್ಲಿಯವರೆಗೆ ಬಂದಿದ್ದಕ್ಕೆ ಸಾಕ್ಷಿ ಎಂದು ಉತ್ಸಾಹದಿಂದ ವಿವರಿಸುತ್ತಿದ್ದರು ಎಂಬುದೂ ದಾಖಲಾಗಿದೆ. ದಯೆ ಮತ್ತು ನಂಬಿಕೆ ಒಂದೇ ಮನುಷ್ಯನಲ್ಲಿ ಅಕ್ಕಪಕ್ಕ ಇರಬಲ್ಲವು. ಕೊಂಡದ್ದು ದಯೆಯಿಂದ, ವಿವರಿಸಿದ್ದು ನಂಬಿಕೆಯಿಂದ ಎಂದುಕೊಂಡರೆ ಅವರಿಗೆ ಅನ್ಯಾಯವಾಗದು.

ಆನೆ ಮತ್ತು ಪಿರಮಿಡ್ ಇರುವ ಫಲಕದ ಕತೆ ಏನು?

ಇಡೀ ಸಂಗ್ರಹದಲ್ಲಿ ಅತಿ ಹೆಚ್ಚು ಪ್ರಸಿದ್ಧವಾದ ಈ ಫಲಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಡುವೆ ಇಟ್ಟಿಗೆ ಜೋಡಿಸಿದಂತೆ ಸಾಲುಸಾಲಾಗಿ ಗೀಟು ಹಾಕಿದ ಒಂದು ಪಿರಮಿಡ್. ನೆತ್ತಿಯಲ್ಲಿ ಸೂರ್ಯ. ಎರಡು ಇಳಿಜಾರುಗಳಲ್ಲಿ ಬೆಕ್ಕಿನ ಜಾತಿಯ ಎರಡು ಪ್ರಾಣಿಗಳು. ಕೆಳಗೆ ಎಡಬಲದಲ್ಲಿ ಒಂದೊಂದು ಆನೆ. ಬುಡದಲ್ಲಿ ಒಂದು ಸಾಲು ಅಕ್ಷರಗಳು.

ದಕ್ಷಿಣ ಅಮೆರಿಕದಲ್ಲಿ ಆನೆಯ ದೂರದ ಬಂಧುಗಳು ಬದುಕಿದ್ದುದು ನಿಜ, ಆದರೆ ಅವು ಸುಮಾರು 10,000 ವರ್ಷಗಳ ಹಿಂದೆಯೇ ಅಳಿದುಹೋದವು. ಲೋಹದ ಕೆಲಸ ಆ ಖಂಡದಲ್ಲಿ ಆರಂಭವಾದದ್ದು ಅದಕ್ಕಿಂತ ಬಹಳ ಈಚೆಗೆ. ಹಾಗಾದರೆ ಆನೆಯನ್ನು ಕಂಡವರು ಬೇರೆಲ್ಲಿಂದಲೋ ಬಂದಿರಬೇಕಲ್ಲವೆ ಎಂದು ಕೇಳುತ್ತಾರೆ. ಇಪ್ಪತ್ತನೆಯ ಶತಮಾನದ ಕ್ವೆಂಕಾದಲ್ಲಿ ಆನೆಯನ್ನು ಕಾಣಲು ಸಮುದ್ರ ದಾಟಿ ಬರಬೇಕಿರಲಿಲ್ಲ. ಶಾಲಾಪುಸ್ತಕವಿತ್ತು, ಅಚ್ಚಾದ ಚಿತ್ರಗಳಿದ್ದವು, ಸ್ವತಃ ಪಾದ್ರಿಯ ಸಿನಿಮಾ ಪರದೆಯೂ ಇತ್ತು. ಬೇಲೂರು, ಹಳೇಬೀಡುಗಳ ಗೋಡೆಯ ಬುಡದಲ್ಲಿ ಸಾಲುಹೋಗುವ ಆನೆಗಳನ್ನು ನೋಡಿ ಬೆಳೆದ ಕನ್ನಡಿಗನ ಕಣ್ಣಿಗೆ ಆ ಫಲಕದ ಆನೆ ತಕ್ಷಣ ಬೇರೆಯಾಗಿ ತೋರುತ್ತದೆ: ಮೈಯ ಭಾರ ಕಾಲಿಗಿಳಿದಿಲ್ಲ, ಸೊಂಡಿಲು ಅಂಟಿಸಿದಂತಿದೆ. ಆನೆಯನ್ನಲ್ಲ, ಆನೆಯ ಚಿತ್ರವನ್ನು ಕಂಡವನ ಕೈಕೆಲಸ ಅದು ಎಂದು ನನಗನ್ನಿಸುತ್ತದೆ.

ಆ ಅಕ್ಷರಗಳನ್ನು ಯಾರಾದರೂ ಓದಿದ್ದಾರೆಯೇ?

ಓದಿದೆವು ಎಂದವರಿದ್ದಾರೆ. ಹಾರ್ವರ್ಡ್‌ನ ಸಾಗರ ಜೀವಿಶಾಸ್ತ್ರಜ್ಞ ಬ್ಯಾರಿ ಫೆಲ್ 1970ರ ದಶಕದಲ್ಲಿ ಆನೆಯ ಫಲಕವೊಂದರ ಬರಹವನ್ನು ಉತ್ತರ ಆಫ್ರಿಕದ ಹಳೆಯ ಲಿಪಿಯೆಂದು ತೆಗೆದುಕೊಂಡು ಅರ್ಥವನ್ನೂ ಹೇಳಿದರು. ಲಿಪಿಶಾಸ್ತ್ರದ ವಿದ್ವಾಂಸರು ಅವರ ವಿಧಾನವನ್ನು ಒಪ್ಪಲಿಲ್ಲ, ಏಕೆಂದರೆ ಅಂಥ ಸ್ವಾತಂತ್ರ್ಯ ತೆಗೆದುಕೊಂಡರೆ ಯಾವ ಗೀಟನ್ನಾದರೂ ಯಾವ ಭಾಷೆಯಲ್ಲಾದರೂ ಓದಬಹುದು.

ಇನ್ನೊಂದು ಹೆಸರಾಂತ ಫಲಕದಲ್ಲಿ ಚೌಕಗಳನ್ನು ಮಾಡಿ, ಒಂದೊಂದರಲ್ಲಿ ಒಂದೊಂದರಂತೆ 56 ಚಿಹ್ನೆಗಳನ್ನು ಒತ್ತಲಾಗಿದೆ. ಈ 56 ಚಿಹ್ನೆಗಳೂ ಬೇರೆ ಬೇರೆ ಎಂದು ಅದನ್ನು ಪ್ರಸಿದ್ಧಿಗೆ ತಂದವರೇ ಹೆಮ್ಮೆಯಿಂದ ಬರೆದಿದ್ದಾರೆ. ಅವರ ವಾದಕ್ಕೆ ಅವರೇ ತೋಡಿದ ಹಳ್ಳ ಅದು. ಫಿನೀಷಿಯನ್ ವರ್ಣಮಾಲೆಯಲ್ಲಿ ಇರುವುದೇ 22 ಅಕ್ಷರ. 56 ಬೇರೆ ಬೇರೆ ಚಿಹ್ನೆಗಳಿದ್ದರೆ ಅದು ಫಿನೀಷಿಯನ್ ಆಗಲು ಸಾಧ್ಯವಿಲ್ಲ. ಎರಡನೆಯದಾಗಿ, ಯಾವ ಭಾಷೆಯ ಬರಹದಲ್ಲಾದರೂ ಕೆಲವು ಅಕ್ಷರಗಳು ಮತ್ತೆ ಮತ್ತೆ ಬರಲೇಬೇಕು. ಹಲ್ಮಿಡಿ ಶಾಸನದ ಯಾವ ಸಾಲನ್ನು ತೆಗೆದುಕೊಂಡರೂ ಇದು ಕಾಣುತ್ತದೆ. ಈ ವಾಕ್ಯದಲ್ಲಿಯೇ ‘ದ’ ಎಷ್ಟು ಸಲ ಬಂದಿದೆ ನೋಡಿ. ಒಂದು ಚಿಹ್ನೆಯೂ ಮರುಕಳಿಸದ 56 ಚೌಕಗಳೆಂದರೆ ಅದು ಶಿಶುವಿಹಾರದ ಗೋಡೆಯ ಅಕ್ಷರಮಾಲೆಯ ಪಟವಿರಬೇಕು, ಇಲ್ಲವೇ ಅಲಂಕಾರವಿರಬೇಕು. ಏನನ್ನಾದರೂ ಹೇಳುವ ಬರಹವಂತೂ ಅಲ್ಲ.

ಆಂಡಿಸ್ ಜನರಿಗೆ ಬರವಣಿಗೆಯೇ ಇರಲಿಲ್ಲವೆ?

ಸ್ಪೇನ್ ದೇಶದವರು ಬರುವ ಮುಂಚೆ ದಕ್ಷಿಣ ಅಮೆರಿಕದ ಪಶ್ಚಿಮದ ಆಂಡಿಸ್ ಪರ್ವತ ಪ್ರದೇಶದಲ್ಲಿ ಅಕ್ಷರಗಳನ್ನು ಕೆತ್ತುವ ಪದ್ಧತಿ ಇದ್ದದ್ದಕ್ಕೆ ಪುರಾವೆ ಸಿಕ್ಕಿಲ್ಲ. ಸ್ಪೇನಿನವರು ಬರುವ ಹೊತ್ತಿಗೆ ಅಲ್ಲಿ ಆಳುತ್ತಿದ್ದ ಇಂಕಾ ಸಾಮ್ರಾಜ್ಯದ ಆಡಳಿತ ನಡೆದದ್ದು ಖೀಪು ಎಂಬ ದಾರಗಳ ಗಂಟುಗಳಿಂದ: ಒಂದು ಮುಖ್ಯ ದಾರ, ಅದಕ್ಕೆ ನೇತುಬಿಟ್ಟ ಹತ್ತಾರು ಎಳೆಗಳು, ಎಳೆಯಲ್ಲಿ ಗಂಟು ಎಲ್ಲಿದೆ, ಯಾವ ಬಗೆಯದು ಎಂಬುದರ ಮೇಲೆ ಹತ್ತು, ನೂರು, ಸಾವಿರಗಳ ಲೆಕ್ಕ. ಇದು ಯಾವ ಫಲಕಕ್ಕಿಂತಲೂ ಬೆರಗಿನ ವಿಷಯ, ಮತ್ತು ಇದು ಅಲ್ಲಿಯದೇ.

ಲೋಹವನ್ನು ಪರೀಕ್ಷಿಸಿದರೆ ವಯಸ್ಸು ಗೊತ್ತಾಗುವುದಿಲ್ಲವೆ?

ವಯಸ್ಸು ನೇರವಾಗಿ ಗೊತ್ತಾಗದು. ವಿಕಿರಣ ಇಂಗಾಲದ ಪರೀಕ್ಷೆ ಮರ, ಮೂಳೆ, ಬಟ್ಟೆಗಳಂಥ ಒಮ್ಮೆ ಜೀವವಿದ್ದ ವಸ್ತುಗಳಿಗೆ ಅನ್ವಯಿಸುತ್ತದೆ, ತಗಡಿಗಲ್ಲ. ಆದರೆ ತಗಡು ಬೇರೆ ರೀತಿಯಲ್ಲಿ ತನ್ನ ಜಾತಕವನ್ನು ಹೇಳುತ್ತದೆ.

ಮೊದಲನೆಯದು ಅದು ಯಾವ ಲೋಹ ಎಂಬುದು. ಕ್ರೆಸ್ಪಿಯವರ ಹಳದಿ ಫಲಕಗಳನ್ನು ನೋಡಿದ ತಜ್ಞರು ಬಹುತೇಕವನ್ನು ಹಿತ್ತಾಳೆಯೆಂದೂ ಈಚಿನವೆಂದೂ ಗುರುತಿಸಿದರು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಬೇಕು, ಸತುವಾದರೋ ಸುಮಾರು 907 ಡಿಗ್ರಿಗೇ ಆವಿಯಾಗಿ ಹಾರಿಹೋಗುತ್ತದೆ. ಆದ್ದರಿಂದ ಇವೆರಡನ್ನೂ ಬೆರೆಸುವುದಕ್ಕೆ ವಿಶೇಷ ವಿದ್ಯೆ ಬೇಕು. ಹಳೆಯ ಜಗತ್ತು ಅದನ್ನು ಕಲಿತಿತ್ತು. ಯುರೋಪಿಯನ್ನರು ಬರುವವರೆಗೆ ಅಮೆರಿಕ ಖಂಡಗಳಲ್ಲಿ ಹಿತ್ತಾಳೆ ಮಾಡುತ್ತಿರಲಿಲ್ಲ. ಅಲ್ಲಿನ ಅಕ್ಕಸಾಲಿಗರು ಚಿನ್ನ, ಬೆಳ್ಳಿ, ತಾಮ್ರ, ಕಂಚುಗಳಲ್ಲಿ ಕೆಲಸ ಮಾಡುತ್ತಿದ್ದರು.

ಎರಡನೆಯದು ತಗಡಿನ ಮೈ. ಕೈಯಿಂದ ಬಡಿದು ತೆಳುವಾಗಿಸಿದ ತಗಡು ಎಲ್ಲೆಡೆ ಒಂದೇ ದಪ್ಪವಿರುವುದಿಲ್ಲ. ಗಿರಣಿಯ ಉರುಳೆಗಳ ನಡುವೆ ಹಾದುಬಂದದ್ದು ತುದಿಯಿಂದ ತುದಿಗೆ ಒಂದೇ ಸಮ ಇರುತ್ತದೆ. ಕತ್ತರಿಯಿಂದ ಕತ್ತರಿಸಿದ ಅಂಚು ಬೇರೆ, ಉಳಿಯಿಂದ ಕಡಿದ ಅಂಚು ಬೇರೆ. ಹಳೆಯ ತಾಮ್ರದ ಹಸಿರು ಕಿಲುಬು ಲೋಹದೊಳಕ್ಕೆ ಬೇರುಬಿಟ್ಟಿರುತ್ತದೆ. ಹುಳಿ ಸವರಿ ನಾಲ್ಕು ದಿನ ಮಣ್ಣಿನಲ್ಲಿಟ್ಟು ತೆಗೆದ ಕಿಲುಬನ್ನು ಉಗುರಿನಿಂದ ಕೆರೆದರೂ ಬರುತ್ತದೆ. ನಮ್ಮೂರ ಪಾತ್ರೆ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದ ಕಂಚುಗಾರನಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಚಿನ್ನ ಇರಲೇ ಇಲ್ಲವೆ?

ಆ ಪ್ರದೇಶದಲ್ಲಿ ಚಿನ್ನ ಧಾರಾಳವಾಗಿಯೇ ಇತ್ತು. ಇಂಕಾಗಳಿಗಿಂತ ಮುಂಚೆ ಅಲ್ಲಿ ನೆಲೆಸಿದ್ದವರು ಕನ್ಯಾರಿ ಜನ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಚೋರ್ದೆಲೆಗ್ ಮತ್ತು ಸಿಗ್ಸಿಗ್ ಸುತ್ತಲಿನ ಅವರ ಸಮಾಧಿಗಳನ್ನು ಅಗೆದು ತೆಗೆದ ಬಂಗಾರದ ಬಹುಭಾಗ ಮೂಸೆಗೆ ಹೋಗಿ ಗಟ್ಟಿಯಾಯಿತು. ಈ ಇಡೀ ಪ್ರಕರಣದಲ್ಲಿ ಮರುಗಬೇಕಾದ ಸಂಗತಿ ಇದೇ, ಆದರೆ ಇದರ ಬಗ್ಗೆ ವಿಡಿಯೊ ಮಾಡುವವರು ಕಡಿಮೆ.

ಅಲ್ಲಿನ ಕುಶಲಕರ್ಮಿಗಳು ತುಂಬಾಗಾ ಎಂಬ ಚಿನ್ನ, ತಾಮ್ರಗಳ ಮಿಶ್ರಲೋಹದಿಂದ ಒಡವೆ ಮಾಡುತ್ತಿದ್ದರು. ಅದನ್ನು ಕಾಯಿಸಿದರೆ ಮೇಲ್ಮೈಯ ತಾಮ್ರ ಕಪ್ಪಾಗುತ್ತದೆ. ಗಿಡದ ಹುಳಿರಸದಿಂದ ಆ ಕಪ್ಪನ್ನು ಕರಗಿಸಿ ತೆಗೆದರೆ ಚಿನ್ನ ಮಾತ್ರ ಮೇಲೆ ಉಳಿಯುತ್ತದೆ. ಹೀಗೆ ನಾಲ್ಕಾರು ಸಲ ಮಾಡಿ ಉಜ್ಜಿದರೆ ಒಳಗೆ ಅರೆತಾಮ್ರವಿರುವ ಒಡವೆ ಹೊರಗಿನಿಂದ ಅಪರಂಜಿಯಂತೆ ಕಾಣುತ್ತದೆ. ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವವರಿಗೆ ಇದರ ಅರ್ಧ ರಸಾಯನ ಗೊತ್ತೇ ಇದೆ. ಈಕ್ವೆಡಾರ್‌ನ ಕರಾವಳಿಯ ಲಾ ತೊಲಿತಾ ಸಂಸ್ಕೃತಿಯವರು ಇನ್ನೂ ಮುಂದೆ ಹೋಗಿ, ತಮ್ಮ ಕುಲುಮೆಯಲ್ಲಿ ಕರಗದ ಪ್ಲಾಟಿನಮ್ ಕಣಗಳನ್ನು ಕರಗಿದ ಚಿನ್ನದಿಂದ ಬೆಸೆದು ಒಡವೆ ಮಾಡಿದರು. ಯುರೋಪು ಪ್ಲಾಟಿನಮ್ಮನ್ನು ಪಳಗಿಸಿದ್ದು ಇದಾದ ಎಷ್ಟೋ ಶತಮಾನಗಳ ನಂತರ.

ಫಿನೀಷಿಯಾದವರು ಅಲ್ಲಿಗೆ ಬಂದಿರಬಹುದೆಂಬ ವಾದವನ್ನು ಪೂರ್ತಿ ತಳ್ಳಿಹಾಕಬಹುದೆ?

ಬಂದಿದ್ದರೆ ಅವರ ಮಡಕೆಯ ಚೂರು, ಒಲೆಯ ಬೂದಿ, ಹಡಗಿನ ಮೊಳೆ, ಸತ್ತವರ ಮೂಳೆ ಎಲ್ಲಿಯಾದರೂ ಮಣ್ಣಿನ ಪದರದಲ್ಲಿ ಸಿಗಬೇಕಿತ್ತು. ಮನುಷ್ಯರು ಫಲಕಗಳನ್ನು ಮಾತ್ರ ಬಿಟ್ಟುಹೋಗುವುದಿಲ್ಲ, ಕಸವನ್ನೂ ಬಿಟ್ಟುಹೋಗುತ್ತಾರೆ. ಅಂಥದ್ದೇನೂ ಸಿಕ್ಕಿಲ್ಲ. ಈ ವಾದದ ಹಿಂದೆ ಇನ್ನೊಂದು ಧೋರಣೆಯೂ ಅಡಗಿದೆ: ಆಂಡಿಸ್ ಜನರು ಸ್ವಂತವಾಗಿ ಇಷ್ಟನ್ನು ಮಾಡಿರಲಾರರು, ಹೊರಗಿನವರು ಬಂದು ಕಲಿಸಿರಬೇಕು ಎಂಬುದು. ನಮ್ಮ ದೇಗುಲಗಳ ವಿಷಯದಲ್ಲಿ ಯಾರಾದರೂ ಹಾಗೆಂದರೆ ನಮಗೆ ಸಿಟ್ಟು ಬರುತ್ತದೆ. ಕನ್ಯಾರಿಗಳ ಪರವಾಗಿಯೂ ಅಷ್ಟೇ ಸಿಟ್ಟು ಬರಬೇಕಾದದ್ದು ನ್ಯಾಯ.

ಲೋಹದ ಗ್ರಂಥಾಲಯ ಮತ್ತು ಈಕ್ವೆಡಾರ್ ಕಾಡಿನ ತಾಯೋಸ್ ಗುಹೆಗೂ ಈ ಸಂಗ್ರಹಕ್ಕೂ ಏನು ನಂಟು?

ನಂಟು ಹಾಕಿದವರು ಸ್ವಿಟ್ಜರ್ಲೆಂಡಿನ ಲೇಖಕ ಎರಿಕ್ ಫಾನ್ ಡೆನಿಕೆನ್. ಹಂಗೇರಿ ಮೂಲದ ಹುವಾನ್ ಮೊರಿತ್ಸ್ ಎಂಬವರು 1969ರಲ್ಲಿ ಗ್ವಾಯಾಕಿಲ್ ನಗರದ ನೋಟರಿಯ ಎದುರು ಹೇಳಿಕೆಯೊಂದನ್ನು ದಾಖಲಿಸಿದ್ದರು. ಕಾಡಿನ ನೆಲದಡಿಯಲ್ಲಿ ಕಳೆದುಹೋದ ನಾಗರಿಕತೆಯೊಂದರ ಚರಿತ್ರೆಯನ್ನು ಕೆತ್ತಿದ ಲೋಹದ ಹಾಳೆಗಳನ್ನು ತಾವು ಕಂಡಿರುವುದಾಗಿ ಅದರಲ್ಲಿತ್ತು. ಡೆನಿಕೆನ್ 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮೊರಿತ್ಸ್ ಜೊತೆ ತಾನೂ ಆ ಸುರಂಗಗಳಿಗಿಳಿದು ಗ್ರಂಥಾಲಯವನ್ನು ಕಣ್ಣಾರೆ ಕಂಡೆ ಎಂದು ಬರೆದರು. ಆದರೆ ಅಲ್ಲಿನ ಫೋಟೊ ಅವರ ಬಳಿ ಇರಲಿಲ್ಲ. ಆ ಜಾಗವನ್ನು ತುಂಬಿದ್ದು ಕ್ವೆಂಕಾದ ಪಾದ್ರಿಯ ಅಂಗಳದಲ್ಲಿ ತೆಗೆದ ಫೋಟೊಗಳು. ಓದುಗನ ಮನಸ್ಸಿನಲ್ಲಿ ಗುಹೆಯೂ ಅಂಗಳವೂ ಒಂದಾದವು.

ಮರುವರ್ಷವೇ ಜರ್ಮನಿಯ ಪತ್ರಿಕೆಗಳು ಮೊರಿತ್ಸ್ ಅವರನ್ನು ವಿಚಾರಿಸಿದಾಗ ಅವರು ಡೆನಿಕೆನ್‌ರನ್ನು ತಾನು ಆ ಗುಹೆಗೆ ಕರೆದೊಯ್ದೇ ಇಲ್ಲವೆಂದರು. ಬರವಣಿಗೆಯಲ್ಲಿ ಒಂದಿಷ್ಟು ನಾಟಕೀಯತೆಗೆ ಅವಕಾಶ ಮಾಡಿಕೊಂಡಿದ್ದಾಗಿ ಡೆನಿಕೆನ್ ಕೂಡ ಆಮೇಲೆ ಒಪ್ಪಿಕೊಂಡರು. ಪುಸ್ತಕ ಅಷ್ಟು ಹೊತ್ತಿಗೆ ಹಲವು ಭಾಷೆಗಳಿಗೆ ಹೋಗಿಬಿಟ್ಟಿತ್ತು.

ಗುಹೆ ನಿಜವಾಗಿ ಇದೆಯೇ?

ಇದೆ, ಮತ್ತು ಅದು ಅದ್ಭುತವಾದ ಜಾಗ. ಮೊರೋನಾ ಸಾಂಟಿಯಾಗೊ ಪ್ರಾಂತ್ಯದಲ್ಲಿ, ಆಂಡಿಸ್‌ನ ಪೂರ್ವದ ಇಳಿಜಾರಿನ ಮಳೆಕಾಡಿನಲ್ಲಿ, ಶುವಾರ್ ಜನರ ನೆಲದಲ್ಲಿದೆ. ದೊಡ್ಡ ಬಾಯಿಯಿಂದ ಸುಮಾರು 65 ಮೀಟರ್ ನೇರವಾಗಿ ಇಳಿಯಬೇಕು. ಒಳಗೆ ನಕ್ಷೆ ಮಾಡಿದ ದಾರಿಯೇ 4 ಕಿಲೋಮೀಟರಿಗೂ ಹೆಚ್ಚು. ತಾಯೋಸ್ ಎಂಬುದು ಅಲ್ಲಿ ಗೂಡುಕಟ್ಟುವ ಹಕ್ಕಿಯ ಹೆಸರು. ಕತ್ತಲಲ್ಲಿ ಬಾವಲಿಯಂತೆ ಸದ್ದು ಮಾಡಿ ದಾರಿ ಹುಡುಕುವ ಈ ಹಕ್ಕಿಯ ಮರಿಗಳು ಮೈತುಂಬ ಕೊಬ್ಬು ತುಂಬಿಕೊಂಡಿರುತ್ತವೆ. ಶುವಾರ್ ಜನರು ತಲೆಮಾರುಗಳಿಂದ ಬಳ್ಳಿಯ ಏಣಿ ಇಳಿಬಿಟ್ಟು ಆ ಮರಿಗಳನ್ನು ಹಿಡಿದು ತರುತ್ತ ಬಂದಿದ್ದಾರೆ. ಚೌಕಾಕಾರದ ಬಾಗಿಲಿನಂತೆ, ಉಳಿಯಿಂದ ನಯಗೊಳಿಸಿದ ಗೋಡೆಯಂತೆ ಕಾಣುವ ಕಡೆಗಳೂ ಒಳಗಿವೆ. ಪದರಪದರವಾಗಿ ಕೂತ ಸುಣ್ಣಕಲ್ಲು ತನ್ನ ಬಿರುಕುಗಳ ಗೆರೆಯಲ್ಲೇ ಒಡೆದಾಗ ಮೂಲೆಗಳು ಹೀಗೆ ಲಂಬವಾಗಿ ಬರುತ್ತವೆ.

ಚಂದ್ರನ ಮೇಲೆ ನಡೆದ ಆರ್ಮ್‌ಸ್ಟ್ರಾಂಗ್ ಅಲ್ಲಿಗೆ ಹೋಗಿದ್ದರಂತೆ?

ಹೌದು. ಸ್ಕಾಟ್ಲೆಂಡಿನ ಇಂಜಿನಿಯರ್ ಸ್ಟ್ಯಾನ್ ಹಾಲ್ 1976ರಲ್ಲಿ ಸಂಘಟಿಸಿದ ಬ್ರಿಟಿಷ್ ಮತ್ತು ಈಕ್ವೆಡಾರ್ ಜಂಟಿ ತಂಡದಲ್ಲಿ ಸೈನಿಕರು, ಗುಹಾತಜ್ಞರು, ವಿಜ್ಞಾನಿಗಳು ಸೇರಿ ನೂರಕ್ಕೂ ಹೆಚ್ಚು ಜನರಿದ್ದರು. ನೀಲ್ ಆರ್ಮ್‌ಸ್ಟ್ರಾಂಗ್ ಅದರ ಗೌರವಾಧ್ಯಕ್ಷರಾಗಿದ್ದು, ಗುಹೆಗೂ ಇಳಿದರು. ಗುಹೆಯ ನಕ್ಷೆ ಸಿದ್ಧವಾಯಿತು, ಸಸ್ಯ, ಪ್ರಾಣಿಗಳ ದಾಖಲೆ ಆಯಿತು, ಪುರಾತತ್ತ್ವಜ್ಞರಿಗೆ ಕ್ರಿಸ್ತಪೂರ್ವ 1500ರ ಸುಮಾರಿನ ಒಂದು ಸಮಾಧಿ ದೊರಕಿತು. ಲೋಹದ ಹಾಳೆ ಒಂದೂ ಸಿಗಲಿಲ್ಲ. ಆದರೂ ಆರ್ಮ್‌ಸ್ಟ್ರಾಂಗ್ ಹೆಸರು ಮಾತ್ರ ಏನೋ ಇದ್ದಿರಲೇಬೇಕು ಎಂಬುದಕ್ಕೆ ಆಧಾರವಾಗಿ ಬಳಕೆಯಾಗುತ್ತಲೇ ಇದೆ.

ಬೆಂಕಿಯಲ್ಲಿ ಎಲ್ಲವೂ ನಾಶವಾಯಿತೆಂಬುದು ನಿಜವೆ?

ಕ್ರೆಸ್ಪಿಯವರು ಬೆಳೆಸಿದ ಕೊರ್ನೆಲಿಯೊ ಮೆರ್ಚಾನ್ ಶಾಲೆ 1962ರಲ್ಲಿ ಬೆಂಕಿಗೆ ಆಹುತಿಯಾಯಿತು. ಸಂಗ್ರಹದ ಒಂದು ಭಾಗ ಅದರಲ್ಲಿ ಹೋಯಿತು. ಉಳಿದದ್ದನ್ನು, ಆಮೇಲೆ ಬಂದದ್ದನ್ನು, ಮರಿಯಾ ಆಕ್ಸಿಲಿಯಾದೊರಾ ಚರ್ಚಿನ ಆವರಣದ ಕೋಣೆಗಳಲ್ಲಿಯೂ ಅಂಗಳದಲ್ಲಿಯೂ ಒಟ್ಟಲಾಯಿತು. 1970ರ ದಶಕದ ಪ್ರಸಿದ್ಧ ಫೋಟೊಗಳು ಈ ಎರಡನೆಯ ಅವಧಿಯವು: ಎಂಬತ್ತರ ಸಮೀಪದ ಬಿಳಿಗಡ್ಡದ ಮುದುಕ, ಸವೆದ ಕಪ್ಪು ನಿಲುವಂಗಿ, ಕೈಯಲ್ಲಿ ತನ್ನೆತ್ತರದ ತಗಡು. ಮೊದಲಿನ ಸಂಗ್ರಹಾಲಯಕ್ಕೂ ಈ ರಾಶಿಗೂ ವ್ಯತ್ಯಾಸವಿದೆಯೆಂಬುದನ್ನು ಮರೆಯಬಾರದು. ವಯಸ್ಸಾದಂತೆ, ಬೇಡಿ ಬರುವವರು ಹೆಚ್ಚಿದಂತೆ, ತಗಡುಗಳೂ ಹೆಚ್ಚಿದವು.

ಈಗ ಆ ವಸ್ತುಗಳು ಎಲ್ಲಿವೆ? ವ್ಯಾಟಿಕನ್ ಬಚ್ಚಿಟ್ಟಿದೆಯೆ?

ಪುರಾತನವೆಂದು ಪರಿಗಣಿಸಲಾದ ಸಾವಿರಾರು ವಸ್ತುಗಳನ್ನು ಈಕ್ವೆಡಾರ್‌ನ ಸೆಂಟ್ರಲ್ ಬ್ಯಾಂಕು ಸಲೇಷಿಯನ್ನರಿಂದ ಕೊಂಡುಕೊಂಡಿತು. ಬ್ಯಾಂಕಿಗೂ ಮಡಕೆಗೂ ಏನು ಸಂಬಂಧ ಎನ್ನಬಹುದು. ಆ ದೇಶದಲ್ಲಿ ಬಹುಕಾಲ ದೊಡ್ಡ ಸಂಗ್ರಹಾಲಯಗಳನ್ನು ನಡೆಸಿದ್ದೇ ಸೆಂಟ್ರಲ್ ಬ್ಯಾಂಕು. ಕ್ವೆಂಕಾದ ಅದರ ಸಂಗ್ರಹಾಲಯವೇ ಇಂದಿನ ಪುಮಾಪುಂಗೊ, ಈಗ ಸರ್ಕಾರದ ಸಂಸ್ಕೃತಿ ಇಲಾಖೆಯ ಕೈಯಲ್ಲಿದೆ. ತಗಡುಗಳು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕಾಣಸಿಗುವುದಿಲ್ಲವೆಂಬುದನ್ನೇ ಕೆಲವರು ಸಂಚಿನ ಪುರಾವೆಯಾಗಿ ಹಿಡಿಯುತ್ತಾರೆ. ನಕಲಿಯೆಂದು ತೀರ್ಮಾನವಾದದ್ದನ್ನು ಸಂಗ್ರಹಾಲಯಗಳು ಸಾಮಾನ್ಯವಾಗಿ ಪ್ರದರ್ಶನದಲ್ಲಿ ಇಡುವುದಿಲ್ಲ. ನನ್ನನ್ನು ಕೇಳಿದರೆ ಇಡಬೇಕಿತ್ತು. ಬಡವರ ಹಸಿವೂ ಪಾದ್ರಿಯ ಕರುಣೆಯೂ ಸೇರಿ ಹುಟ್ಟಿದ ಜಾನಪದ ಕಲೆಯೆಂದು ನೋಡಿದರೆ ಆ ತಗಡುಗಳಿಗೂ ಒಂದು ಬೆಲೆಯಿದೆ. ಯಾರು ತಟ್ಟಿದರು, ಯಾವ ಚಿತ್ರ ನೋಡಿ ತಟ್ಟಿದರು ಎಂಬುದನ್ನು ಅವರು ಬದುಕಿರುವಾಗಲೇ ಕೇಳಿ ಬರೆದಿಟ್ಟಿದ್ದರೆ ಇಂದು ಅದೊಂದು ಅಪರೂಪದ ಅಧ್ಯಯನವಾಗುತ್ತಿತ್ತು.

ಮೂಲದ ಮಾಹಿತಿ ಇಲ್ಲದಿದ್ದರೆ ಅಷ್ಟು ನಷ್ಟವೆ? ವಸ್ತು ಅಸಲಿಯಾಗಿದ್ದರೆ ಸಾಲದೆ?

ಸಾಲದು. ಈಕ್ವೆಡಾರ್‌ನಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. ಕಿರಣಗಳು ಹಾವಿನಂತೆ ಬಳುಕುವ ಚಿನ್ನದ ಸೂರ್ಯನ ಮುಖವೊಂದು ಸೆಂಟ್ರಲ್ ಬ್ಯಾಂಕಿನ ಲಾಂಛನವೇ ಆಗಿದೆ. ಅದು ಅಸಲಿ. ಆದರೆ ಅದು ಕೊಳ್ಳುವವರ ಕೈಯಿಂದ ಕೈಗೆ ದಾಟಿ ಬಂದದ್ದರಿಂದ, ಕರಾವಳಿಯ ಲಾ ತೊಲಿತಾದ್ದೋ, ಕ್ವೆಂಕಾ ಸೀಮೆಯ ಸಿಗ್ಸಿಗ್‌ನದೋ ಎಂಬ ವಾದ ನಡೆದಿದೆ. ಎರಡೂ ಜಾಗಗಳ ನಡುವೆ ಆಂಡಿಸ್ ಪರ್ವತವಿದೆ, ಬೇರೆ ಬೇರೆ ಜನಗಳಿದ್ದಾರೆ. ಸಿಕ್ಕಿದ ಗುಂಡಿಯ ಪಕ್ಕದಲ್ಲಿ ಒಂದು ಚೂರು ಮಡಕೆ, ಒಂದು ಹಿಡಿ ಇದ್ದಿಲು ಉಳಿದಿದ್ದರೆ ವಾದವೇ ಇರುತ್ತಿರಲಿಲ್ಲ. ಕ್ರೆಸ್ಪಿಯವರ ನೂರಾರು ಅಸಲಿ ಮಡಕೆಗಳ ಪಾಡೂ ಇದೇ, ಮೇಲಾಗಿ ಅವು ನಕಲಿ ತಗಡುಗಳ ಸಹವಾಸದ ಕೆಟ್ಟ ಹೆಸರನ್ನೂ ಹೊತ್ತಿವೆ.

ಕ್ರೆಸ್ಪಿಯವರ ಕಾಲದ ಇಂಥ ಪಾದ್ರಿಗಳು ನಮ್ಮ ಕಡೆಯೂ ಇದ್ದರೆ?

ಹೋಲಿಸಲು ಯೋಗ್ಯವಾದ ಒಬ್ಬರಿದ್ದಾರೆ: ಫಾದರ್ ಹೆನ್ರಿ ಹೆರಾಸ್. ಸ್ಪೇನಿನ ಈ ಜೆಸ್ಯೂಟ್ ಪಾದ್ರಿ 1922ರಲ್ಲಿ, ಅಂದರೆ ಕ್ರೆಸ್ಪಿ ಈಕ್ವೆಡಾರ್ ಸೇರುವುದಕ್ಕೆ ಒಂದು ವರ್ಷ ಮೊದಲು, ಮುಂಬೈಗೆ ಬಂದರು. ವಿಜಯನಗರದ ಅರವೀಡು ಮನೆತನದ ಚರಿತ್ರೆ ಬರೆದದ್ದರಿಂದ ಕನ್ನಡ ಇತಿಹಾಸದ ವಿದ್ಯಾರ್ಥಿಗಳಿಗೂ ಪರಿಚಿತರು. ಅವರೂ ಸಂಗ್ರಹಕಾರರೇ, ಅವರಿಗೂ ಒಂದು ದೊಡ್ಡ ಕನಸಿನ ಸಿದ್ಧಾಂತವಿತ್ತು: ಸಿಂಧೂ ಮುದ್ರೆಗಳನ್ನು ದ್ರಾವಿಡ ಮೂಲಭಾಷೆಯಲ್ಲಿ ಓದಬಹುದೆಂದು ಅವರು ವಾದಿಸಿದರು. ಆ ಓದನ್ನು ವಿದ್ವಾಂಸರು ಒಪ್ಪಿಲ್ಲ. ಆದರೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1926ರಲ್ಲಿ ಅವರು ಆರಂಭಿಸಿದ ಸಂಶೋಧನಾ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲಿ ನಡೆಯುತ್ತಿದೆ, ಅವರು ಕೂಡಿಸಿದ್ದು ಸಂಶೋಧಕರಿಗೆ ಬಳಕೆಯಾಗುತ್ತಿದೆ.

ಕ್ವೆಂಕಾಗೆ ಹೋದರೆ ನೋಡುವುದೇನಿದೆ?

ಹಳೆಯ ನಗರಭಾಗ 1999ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಪುಮಾಪುಂಗೊದ ಹಿತ್ತಲಿನಲ್ಲಿಯೇ ಇಂಕಾ ನಗರ ತೊಮೆಬಾಂಬಾದ ಅಡಿಪಾಯಗಳಿವೆ; ಜರ್ಮನಿಯ ಪುರಾತತ್ತ್ವಜ್ಞ ಮ್ಯಾಕ್ಸ್ ಊಲೆ ಅವನ್ನು ಅಗೆದು ದಾಖಲಿಸಿದ್ದು ಕ್ರೆಸ್ಪಿ ಆ ದೇಶಕ್ಕೆ ಬಂದಿಳಿದ ಆಸುಪಾಸಿನಲ್ಲಿಯೇ. ಒಳಗೆ ಶುವಾರ್ ಜನರ ವಸ್ತುಗಳ ದೊಡ್ಡ ವಿಭಾಗವಿದೆ.

ಪಾದ್ರಿಯನ್ನು ಹುಡುಕಿ ಹೋಗುವವರು ಮರಿಯಾ ಆಕ್ಸಿಲಿಯಾದೊರಾ ಚರ್ಚಿನ ಎದುರಿನ ಚೌಕಕ್ಕೆ ಹೋಗಬೇಕು. ಅಲ್ಲಿ ಅವರ ಪ್ರತಿಮೆಯಿದೆ, ಪಕ್ಕದಲ್ಲಿ ಒಂದು ಮಗು. 2023ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜ್ಯರೆಂದು ಘೋಷಿಸಲು ಒಪ್ಪಿಗೆ ಕೊಟ್ಟರು. ಸಂತಪದವಿಯ ದಾರಿಯಲ್ಲಿ ಅದೊಂದು ಮೆಟ್ಟಿಲು. ಅದಕ್ಕಾಗಿ ಪರಿಶೀಲಿಸಿದ್ದು ಅವರ ಬದುಕಿನ ಸದ್ಗುಣಗಳನ್ನು; ಫಲಕಗಳು ಅಸಲಿಯೋ ನಕಲಿಯೋ ಎಂಬುದು ಆ ಪ್ರಕ್ರಿಯೆಯ ಪ್ರಶ್ನೆಯೇ ಅಲ್ಲ. ಊರಿನವರು ಪ್ರತಿಮೆಯ ಬುಡದಲ್ಲಿ ಹೂವು, ಮೇಣದಬತ್ತಿ ಇಟ್ಟು ಹೋಗುತ್ತಾರೆ.